ಕಂಬದ ಮೇಲಿನ ಎರಡು ಕೈ

ಈಜುಕೊಳದ ತಳಕ್ಕೆ ಗಾಜಿನ ಬಿಲ್ಲೆ ಅಂಟಿಸುವುದು ನನ್ನ ಕಸುಬು. ಚೆನ್ನೈನ ದೊಡ್ಡ ಮನೆಗಳಲ್ಲಿ, ಕ್ಲಬ್ಬುಗಳಲ್ಲಿ ನಾನು ಅಂಟಿಸಿದ ನೀಲಿ ಬಿಲ್ಲೆಗಳ ಮೇಲೆ ಜನ ಈಜುತ್ತಾರೆ. ತಳವನ್ನು ನೋಡುವವರು ಯಾರೂ ಇಲ್ಲ. ನೋಡಿದರೆ ಒಂದು ಬಿಲ್ಲೆ ಕಳಚಿದ ದಿನ, ಬೈಯಲಿಕ್ಕೆ. ನಾನು ಅಂಟಿಸಿದ್ದು ಇದುವರೆಗೆ ಕಳಚಿಲ್ಲ. ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೂ ಸರಿಯೇ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲವಾದ್ದರಿಂದ ಮೊದಲೇ ಹೇಳಿಬಿಟ್ಟೆ.

ಹಾಗಾಗಿ ಒಂದು ಖಾಸಗಿ ಕಾಲೇಜಿನ ಚರಿತ್ರೆಯ ಮೇಡಂ ಫೋನ್ ಮಾಡಿ, "ನಮ್ಮ ಹಾಲ್ ಗೋಡೆ ಮೇಲೆ ಮೊಸಾಯಿಕ್‌ನಲ್ಲಿ ಒಂದು ಚಿತ್ರ ಮಾಡ್ಕೊಡ್ತೀರಾ? ನೀವು ಕನ್ನಡದವರು ಅಂತ ಯಾರೋ ಹೇಳಿದ್ರು" ಎಂದಾಗ ನನ್ನ ಎದೆ ಸ್ವಲ್ಪ ಉಬ್ಬಿತು. ಗೋಡೆ ಎಂದರೆ ಕಣ್ಣಿನ ಎತ್ತರ. ನನ್ನ ಕೆಲಸದ ಎದುರು ಜನ ನಿಂತು ನೋಡುವುದನ್ನು ನಾನು ಒಂದು ಸಲವೂ ಕಂಡಿರಲಿಲ್ಲ. ಅಂಥ ಒಂದು ಗೋಡೆ ನನಗೆ ಬೇಕಿತ್ತು.

ಮೇಡಂ ಮನೆ ಮೈಲಾಪೂರಿನಲ್ಲಿ, ಹಳೆಯ ಫ್ಲ್ಯಾಟು. ಮೈಸೂರಿನ ಕಡೆಯವರು. ಕಾಫಿ ಲೋಟಗಳನ್ನು ಬದಿಗೆ ಸರಿಸಿ ಊಟದ ಮೇಜಿನ ಮೇಲೆ ಒಂದು ದೊಡ್ಡ ಪ್ರಿಂಟ್ ಹರಡಿದರು. ಚಿನ್ನದ ಬಣ್ಣದ ಹಿನ್ನೆಲೆ, ಬಿಳಿ ಕಂಬಗಳ ಸಾಲು, ಕಂಬಗಳ ನಡುವೆ ಕಮಾನು, ಒಂದೊಂದು ಕಮಾನಿನಲ್ಲೂ ನಡುವಿಗೆ ಗಂಟು ಹಾಕಿದ ಬಿಳಿ ಪರದೆ.

"ಅರಮನೆಯಾ ಮೇಡಂ?"

"ಅರಮನೆ ಚಿತ್ರ, ಆದ್ರೆ ಇರೋದು ಚರ್ಚ್ ಗೋಡೆ ಮೇಲೆ. ಇಟಲಿಯ ರವೆನ್ನಾ ಅನ್ನೋ ಊರು. ರೋಮ್ ಬಿದ್ದ ಮೇಲೆ ಹೊರಗಿಂದ ಬಂದು ಇಟಲಿ ಆಳಿದ ಜನ ಇದ್ರು, ಆಸ್ಟ್ರೊಗೋತರು ಅಂತ. ಅವರ ರಾಜ ಥಿಯೊಡೊರಿಕ್ ಕಟ್ಟಿಸಿದ್ದು. ಗೆದ್ದ ಮೇಲೂ ಊರಿನ ಕಾನೂನು, ಕಚೇರಿ, ಗುಮಾಸ್ತರು ಎಲ್ಲಾನೂ ಹಾಗೇ ಇಟ್ಕೊಂಡ. ಸೈನ್ಯ ಮಾತ್ರ ತನ್ನವರದ್ದು. ಹಾಳುಬಿದ್ದ ನೀರಿನ ಕಾಲುವೆ ರಿಪೇರಿ ಮಾಡಿಸ್ದ."

"ಊರಿನವರ ಹಾಗೇ ಇದ್ಬಿಟ್ಟ ಅನ್ನಿ."

"ಇರೋಕೆ ನೋಡ್ದ. ಊರಿನವರು ಒಪ್ಪಿದ್ರಾ ಅನ್ನೋದೇ ಪ್ರಶ್ನೆ. ಕೂತ್ಕೊಳ್ಳಿ ಮೇಸ್ತ್ರಿಗಳೇ, ಈ ಚಿತ್ರದಲ್ಲಿ ಇನ್ನೊಂದು ವಿಷಯ ಇದೆ, ಹೇಳ್ತೀನಿ."

ನಾನು ಕೂರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಪಾಠ ಕೇಳುವ ಹೊತ್ತು ಬಂದರೆ ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತದೆ. "ಚಿತ್ರ ಕೊಡಿ ಸಾಕು ಮೇಡಂ. ಇದ್ದದ್ದು ಇದ್ದ ಹಾಗೆ ಗೋಡೆ ಮೇಲೆ ಬರುತ್ತೆ" ಎಂದು ಸುರುಳಿ ಸುತ್ತಿಕೊಂಡು ಹೊರಟುಬಂದೆ.

ನನ್ನ ಶೆಡ್ಡು ಅಂಬತ್ತೂರಿನಲ್ಲಿದೆ. ಒಂದು ಕಡೆ ಲೇತ್ ಅಂಗಡಿ, ಇನ್ನೊಂದು ಕಡೆ ಪೌಡರ್ ಕೋಟಿಂಗ್. ನಡುವೆ ನಾನೂ ನನ್ನ ಭಾವಮೈದನೂ. ಅವನು ನನ್ನ ಹೆಂಡತಿಯ ತಮ್ಮ. ನನ್ನ ಹತ್ತಿರ ಬರುವ ಮೊದಲು ಗೋಪುರಕ್ಕೆ ಗಾರೆ ಬೊಂಬೆ ಮಾಡುವವರ ಜೊತೆ ಇದ್ದವನು. ಮುಖ, ಬೆರಳು, ಬಟ್ಟೆಯ ಮಡಿಕೆ ಅವನಿಗೆ ಚೆನ್ನಾಗಿ ಗೊತ್ತು. ಬಾಯಿ ಮಾತ್ರ ಸುಮ್ಮನಿರದು. ಗೋತರ ಕಥೆ ಹೇಳಿದರೆ, "ನಮ್ ಹಂಗೇ ಬುಡು ಭಾವ. ಎಷ್ಟ್ ವರ್ಷ ತಮಿಳ್ ಮಾತಾಡಿದ್ರೂ ಬೀದೀಲಿ ಕನ್ನಡಕ್ಕಾರನ್ನೇ. ಏನ್, ನಮಗ್ ಆಳಾಕ್ ಕೊಟ್ಟಿಲ್ಲ ಅಷ್ಟೇಯ" ಎಂದ.

ಇಂಥ ಚಿತ್ರವನ್ನು ನೇರವಾಗಿ ಗೋಡೆಯ ಮೇಲೆ ಜೋಡಿಸುವುದಿಲ್ಲ. ಚಿತ್ರವನ್ನು ಎಡಬಲ ತಿರುಗಿಸಿ ದೊಡ್ಡ ಬ್ರೌನ್ ಪೇಪರಿಗೆ ಗೆರೆ ಇಳಿಸಬೇಕು. ಅದರ ಮೇಲೆ ಗಾಜಿನ ಚೂರುಗಳನ್ನು ಮುಖ ಕೆಳಗಾಗಿ, ಮೈದಾ ಅಂಟಿನಲ್ಲಿ ಒಂದೊಂದಾಗಿ ಕೂರಿಸಬೇಕು. ಕೆಲಸ ಮಾಡುವವನಿಗೆ ಕಾಣುವುದು ಬೆನ್ನು ಮಾತ್ರ. ಕಾಗದವನ್ನು ಭಾಗಭಾಗವಾಗಿ ಕತ್ತರಿಸಿ, ಅಂಟುಗಾರೆ ಬಳಿದ ಗೋಡೆಗೆ ಒತ್ತಿ, ಗಾರೆ ಹಿಡಿದ ಮೇಲೆ ನೀರು ಹಚ್ಚಿ ಕಾಗದ ಸುಲಿದಾಗಲೇ ಮುಖ ಕಾಣುವುದು. ಅಲ್ಲಿಯವರೆಗೆ ನಂಬಿಕೆಯ ಮೇಲೆ ನಡೆಯುವ ಕೆಲಸ.

ಮೊದಲ ಪೆಟ್ಟು ಕೊಟ್ಟದ್ದು ಜಿರಲೆ. ಹುಳ ಮುಟ್ಟದಿರಲು ಮೈದಾಕ್ಕೆ ಮೈಲುತುತ್ತ ಬೆರೆಸಿ ಎಂದು ನಾನೇ ಎಲ್ಲರಿಗೂ ಹೇಳುವವನು. ಈ ಸಲ ಬಿಳಿ ಗಾಜಿಗೆ ಹಸಿರು ಛಾಯೆ ಇಳಿದೀತೆಂದು ಬೆರೆಸಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಮೂರು ಪರದೆಗಳ ಅಂಟನ್ನು ನೆಕ್ಕಿ ಮುಗಿಸಿದ್ದವು. ಕಾಗದ ಎತ್ತಿದರೆ ಚೂರುಗಳು ಜರಜರನೆ ನೆಲಕ್ಕೆ. ಮತ್ತೆ ಮೊದಲಿಂದ. ಆಮೇಲೆ ಚಿನ್ನದ ಬಣ್ಣ. ನಿಜವಾದ ಚಿನ್ನದ ರೇಕು ಹಾಕಿದ ಗಾಜು ನಮಗೆಲ್ಲಿ? ಗಿಲೀಟಿನ ಬಿಲ್ಲೆ ತಂದರೆ ಹೊಸ ಸ್ಟೀಲ್ ಪಾತ್ರೆಯ ಹಾಗೆ ಥಳಥಳ. ಹಳೆಯ ಗೋಡೆಯ ಮಂಕು ಬೆಳಕು ಬರಬೇಕೆಂದು ಒಂದು ಅಂಚಿಗೆ ಅಂಟು ದಪ್ಪ ಹಾಕಿ ಒಂದೊಂದನ್ನೂ ಸ್ವಲ್ಪ ಓರೆಯಾಗಿ ಕೂರಿಸಿದೆವು.

ಕಂಬಗಳಿಗೆ ಬಂದಾಗ ಭಾವಮೈದ ಇಕ್ಕಳ ಕೆಳಗಿಟ್ಟ.

"ಭಾವ, ಇಲ್ನೋಡು. ಇಲ್ಲೊಂದು ಕೈ ಐತೆ."

"ಯಾರ್ದು?"

"ಯಾರ್ದೂ ಅಲ್ಲ. ಬರೀ ಕೈ."

ಪ್ರಿಂಟಿನ ಮೇಲೆ ಬಗ್ಗಿದೆ. ನಿಜ. ಬಿಳಿ ಕಂಬದ ನಡುವೆ ಮೊಣಕೈಯಿಂದ ಈಚೆಗೆ ಒಂದು ಕೈ, ಬೆರಳು ಚಾಚಿ. ಕಂಬದ ಪಕ್ಕದಲ್ಲಿ ಮನುಷ್ಯನಿರಬೇಕಾದ ಕಡೆ ಪರದೆ ಇಳಿಬಿದ್ದಿದೆ. ಇನ್ನೊಂದು ಕಂಬದ ಮೇಲೂ ಅಂಥದೇ ಒಂದು.

"ಪ್ರಿಂಟ್ ಹಾಕೋರು ಎರಡು ಫೋಟೊ ಸೇರಿಸಿರ್ತಾರೆ. ನಮ್ಮ ಫ್ಲೆಕ್ಸ್ ಅಂಗಡಿಯವನು ಮಾಡಲ್ವಾ, ಮದುಮಗನ ಭುಜದ ಮೇಲೆ ಯಾರ್ದೋ ಕೈ ಬಿಟ್ಟು" ಎಂದೆ.

"ಫೋಟೊ ಆಗ್ಲಿ, ಏನಾರಾ ಆಗ್ಲಿ. ನಾನಂತೂ ಇಕ್ಕಲ್ಲ" ಎಂದ ಅವನು. "ಮೈ ಇಲ್ದಿರ ಕೈ ಭಿನ್ನ. ಗೋಪುರದಾಗೆ ಬೆರಳು ಮುರಿದ್ರೆ ಬೊಂಬೇನೇ ಇಳ್ಸಿ ಬ್ಯಾರೆ ಇಕ್ಕೋರು. ಭಿನ್ನ ಇಕ್ಕಿದೋನ ಮನೆ ಉದ್ಧಾರ ಆಗಲ್ಲ ಅಂತ ನಮ್ ಸ್ಥಪತಿ ಹೇಳೋನು. ನಿನ್ ಹೆಂಡ್ತಿ ನನ್ ಅಕ್ಕ. ನಿನ್ ಮನೆ ಹಾಳಾಗೋದು ನಂಗ್ ಬ್ಯಾಡಪ್ಪ."

ಮೇಡಂಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಇಷ್ಟು ಸಣ್ಣದನ್ನೂ ಕೇಳಿ ಮಾಡುವವನು ಎನ್ನಿಸಿಕೊಳ್ಳಬೇಕೆ ಎನ್ನುವುದು ಒಂದು. ಭಿನ್ನವೆಂಬ ಮಾತು ನನ್ನೊಳಗೂ ಇಳಿದಿದ್ದು ಇನ್ನೊಂದು. ನಾವು ಮುರಿದ ದೇವರ ಪಟವನ್ನು ಅರಳಿಮರದ ಬುಡಕ್ಕೆ ಬಿಟ್ಟುಬರುವ ಜನ. ಕಂಬಗಳನ್ನು ಪೂರ್ತಿ ಬಿಳಿ ಮಾಡಿದೆವು. ಮೂರು ಬಗೆಯ ಬಿಳಿ ಹಾಕಿ ದುಂಡಗೆ ತಂದೆವು. ನನ್ನ ಕಣ್ಣಿಗೆ ಮೂಲಕ್ಕಿಂತ ಚೊಕ್ಕವಾಗಿತ್ತು.

ಗೋಡೆಗೆ ಹಚ್ಚಿದ್ದು ಈಜುಕೊಳಕ್ಕೆ ಹಚ್ಚುವ ಅಂಟುಗಾರೆಯನ್ನೇ. ಮೇಡಂ, "ಅಷ್ಟು ಗಟ್ಟಿ ಬೇಕಾ, ಇಲ್ಲಿ ನೀರೇನೂ ನಿಲ್ಲಲ್ವಲ್ಲ" ಎಂದರು. "ಕಾಲೇಜ್ ಬಿದ್ರೂ ಇದು ಬೀಳಲ್ಲ ಮೇಡಂ" ಎಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಕಾಗದ ಸುಲಿದ ದಿನ ಮೇಡಂ ಬಂದರು. ಗೋಡೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹೊಗಳುತ್ತಾರೆಂದು ನಾನು ಕೈ ಕಟ್ಟಿ ನಿಂತಿದ್ದೆ.

"ಮೇಸ್ತ್ರಿಗಳೇ, ಕೈ ಎಲ್ಲಿ?"

ಹೇಳಿದೆ. ಭಿನ್ನದ ಮಾತನ್ನೂ ಹೇಳಿದೆ. ಅವರು ಬೈಯಲಿಲ್ಲ, ಸಾರುವೆಯ ಹಲಗೆಯ ಮೇಲೆ ಕುಳಿತುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆ ಕೈಗೋಸ್ಕರಾನೇ ರೀ ನಾನು ಈ ಚಿತ್ರ ಆರಿಸಿದ್ದು. ಅವತ್ತು ಕೂತ್ಕೊಳ್ಳಿ ಅಂದೆ, ನೀವು ಕೂರಲಿಲ್ಲ."

ಈ ಸಲ ಕುಳಿತೆ. ಅವರು ಹೇಳಿದ್ದು ಇಷ್ಟು. ಆ ಕಮಾನುಗಳಲ್ಲಿ ಮೊದಲು ಪರದೆ ಇರಲಿಲ್ಲ, ಜನರಿದ್ದರು. ಬಹುಶಃ ರಾಜನೂ ಅವನ ಆಸ್ಥಾನದವರೂ. ರಾಜ ಸತ್ತು, ಕೆಲವು ವರ್ಷಗಳಲ್ಲಿ ಗೋತರು ಸೋತು, ಊರು ಪೂರ್ವ ರೋಮಿನ ಚಕ್ರವರ್ತಿಯ ಕೈಗೆ ಹೋಯಿತು. ಗೋತರೂ ಕ್ರೈಸ್ತರೇ, ಆದರೆ ಬೇರೆ ಪಂಥದವರು. ಅವರ ಚರ್ಚು ಹೊಸಬರ ಪಂಥಕ್ಕೆ ಸೇರಿದಾಗ ಗೋಡೆಯ ಮೇಲಿದ್ದ ಜನರನ್ನು ಕಿತ್ತು, ಆ ಜಾಗಕ್ಕೆ ಪರದೆ ಜೋಡಿಸಿದರು. ಮೈಯೆಲ್ಲ ಹೋಯಿತು. ಕಂಬದ ಮೇಲೆ ಚಾಚಿದ್ದ ಕೈಗಳು ಮಾತ್ರ ಉಳಿದವು. ಶತಮಾನಗಳ ನಂತರ ಹತ್ತಿರ ಹೋಗಿ ನೋಡಿದವರು ಚೂರುಗಳ ಬಣ್ಣ, ಜೋಡಣೆ, ಗಾರೆಯ ಅಂಚು ಇವನ್ನೆಲ್ಲ ಪರೀಕ್ಷಿಸಿ ಎಲ್ಲೆಲ್ಲಿ ಕಿತ್ತಿದ್ದಾರೆಂದು ಗುರುತು ಹಿಡಿದರು.

"ನಮ್ಮ ಮಕ್ಕಳು ಚರಿತ್ರೆ ಅಂದ್ರೆ ರಾಜರ ಹೆಸರು, ಇಸವಿ ಅಂದ್ಕೊಂಡಿದಾರೆ. ಅಳಿಸಿದ್ದನ್ನ ಓದೋದು ಹೇಗೆ ಅಂತ ಈ ಗೋಡೆ ಮುಂದೆ ನಿಲ್ಲಿಸಿ ಹೇಳ್ಬೇಕು ಅಂತಿದ್ದೆ" ಎಂದರು ಮೇಡಂ.

ಕಿತ್ತವನು ಯಾರಿರಬಹುದು ಎಂದು ನನಗೆ ಆಗಲೇ ಅನ್ನಿಸಿತು. ಹೇಳಿದವರು ಬಿಷಪ್ಪೋ ಅಧಿಕಾರಿಯೋ ಆಗಿದ್ದಾರು. ಉಳಿ ಹಿಡಿದವನು ನನ್ನಂಥವನೇ. ಅವನು ಕೈಯನ್ನೇಕೆ ಬಿಟ್ಟ? ಕಂಬ ಕೆದಕಿದರೆ ಕೆಲಸ ಹೆಚ್ಚೆಂದೇ? ಮರೆತನೇ? ಮೇಡಂಗೂ ಗೊತ್ತಿರಲಿಲ್ಲ.

ಕಂಬಗಳಿರುವ ಇಡೀ ಪಟ್ಟಿ ಕಿತ್ತು ಹೊಸದಾಗಿ ಮಾಡಲು ಹೊತ್ತಿರಲಿಲ್ಲ. ಹಾಲಿನ ಉದ್ಘಾಟನೆ ಹತ್ತಿರವಿತ್ತು. ಗೋಡೆಯ ಮೇಲೆಯೇ ಎರಡು ಕಂಬಗಳಲ್ಲಿ ಕೈಯ ಆಕಾರದ ಗುಂಡಿ ಕೊರೆದು, ಅಲ್ಲಿ ನೇರವಾಗಿ ಚೂರು ಕೂರಿಸುವುದೆಂದು ನಿರ್ಧರಿಸಿದೆ. ಗ್ರೈಂಡರಿನಲ್ಲಿ ಅಂಚು ಕತ್ತರಿಸಿ ಇಟ್ಟಿಗೆ ಕಾಣುವವರೆಗೆ ಕೆತ್ತಿದೆ. ಹಳೆಯ ಗಾರೆಯ ಮೇಲೆ ಹೊಸ ಗಾರೆ ನೆಚ್ಚಿಗೆಯಾಗಿ ಹಿಡಿಯುವುದಿಲ್ಲವೆಂದು ಇಟ್ಟಿಗೆಗೇ ಎಪಾಕ್ಸಿ ಅಂಟು ತುಂಬಿದೆ. ಚೆನ್ನೈ ಸೆಕೆಗೆ ಎಪಾಕ್ಸಿ ಬಟ್ಟಲಲ್ಲೇ ಬಿಸಿಯಾಗಿ ಕಲ್ಲಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಬೆರಳೊಂದಕ್ಕೆ ಒಂದು ಬಟ್ಟಲು. ಭಾವಮೈದ ಕೆಳಗೆ ನಿಂತು ಚೂರು ಕತ್ತರಿಸಿಕೊಟ್ಟ, ಗೋಡೆ ಮುಟ್ಟಲಿಲ್ಲ. ಆದರೂ ಅವನಿಗೆ ತಡೆಯಲಾಗಲಿಲ್ಲ. "ಹೆಬ್ಬೆಟ್ಟು ಆ ಕಡೆ ತಿರುಗ್ಸು ಭಾವ, ಹಂಗಿಟ್ರೆ ಸೌಟು ಇದ್ದಂಗೈತೆ!" ಎಂದು ಕೂಗಿದ. ತಿರುಗಿಸಿದೆ. ಕೈಯಾಯಿತು.

ಉದ್ಘಾಟನೆಗೆ ನನ್ನನ್ನೂ ಕರೆದರು. ಆಗಿನ ಕರೆಸ್ಪಾಂಡೆಂಟ್, ಅಂದರೆ ಕಾಲೇಜು ನಡೆಸುವ ಯಜಮಾನರು, ವಯಸ್ಸಾದವರು, ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಹುಡುಗ ಹುಡುಗಿಯರು ನಿಂತರು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗಳು ಅವಳು. ಕಂಬದ ಹತ್ತಿರ ಹೋಗಿ, "ಅಪ್ಪಾ, ಇದು ಯಾರೋಡ ಕೈ?" ಎಂದಳು. ಯಾರ ಕೈಯೆಂದು ನನಗೇನು ಗೊತ್ತು. "ಅಲ್ಲಿದ್ದೋರದು" ಎಂದೆ. ಅವಳು ತನ್ನ ಕೈಯನ್ನು ಅದರ ಮೇಲಿಟ್ಟು ಅಳತೆ ನೋಡಿದಳು.

ನನಗೆ ಅಷ್ಟು ಸಾಕಾಗಿತ್ತು. ಅದು ಉಳಿಯಬೇಕು ಅನ್ನುವುದೊಂದೇ ಆಸೆ.

ಮುಂದಿನ ವರ್ಷ ಆ ಹಿರಿಯರು ತೀರಿಕೊಂಡರು. ಕಾಲೇಜು ಬೇರೆಯವರ ಆಡಳಿತಕ್ಕೆ ಹೋಯಿತು. ಹೊಸಬರು ಚರಿತ್ರೆಯ ಕೋರ್ಸಿಗೆ ಹುಡುಗರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಮೇಡಂ ಫೋನ್ ಮಾಡಿ, ಹಾಲನ್ನು ಕಂಪನಿಗಳ ಇಂಟರ್ವ್ಯೂ ನಡೆಸುವ ಜಾಗ ಮಾಡುತ್ತಾರಂತೆ, ಆ ಗೋಡೆಗೆ ದೊಡ್ಡ ಸ್ಕ್ರೀನ್ ಬರುತ್ತದಂತೆ ಎಂದರು. "ನಾನು ಕೇಳ್ಕೊಂಡೆ. ಅರ್ಜಿ ಬರ್ಕೊಟ್ಟೆ. ನಗ್ತಾ ತಗೊಂಡ್ರು. ಮೇಸ್ತ್ರಿಗಳೇ, ಹಾಗೇ ಇಡಿಯಾಗಿ ಬಿಡಿಸಿಕೊಂಡು ಬರೋಕೆ ಆಗುತ್ತಾ? ನಮ್ಮನೇಲಿ ಜಾಗ ಮಾಡ್ತೀನಿ, ಬೀರು ತೆಗೆಸ್ತೀನಿ."

ಓಡಿದೆ. ಬಟ್ಟೆಗೆ ಅಂಟು ಹಚ್ಚಿ ಚಿತ್ರದ ಮುಖಕ್ಕೆ ಹೊದಿಸಿ, ಹಿಂದಿನಿಂದ ಚಪ್ಪಟೆ ಉಳಿ ತೂರಿಸಿ ಬಿಡಿಸುವ ಕ್ರಮವೊಂದಿದೆ. ಗಾರೆ ಮೆತ್ತಗಿದ್ದರೆ ಹಪ್ಪಳದ ಹಾಗೆ ಎದ್ದುಬರುತ್ತದೆ. ಒಂದು ಮೂಲೆಯಲ್ಲಿ ಪ್ರಯತ್ನಿಸಿದೆ. ಉಳಿ ಗಾರೆಗೆ ಇಳಿಯಲೇ ಇಲ್ಲ. ಬಡಿದರೆ ಗಾಜು ಪುಡಿಯಾಯಿತು, ಗಾರೆ ಅಲುಗಲಿಲ್ಲ. ತೆಳ್ಳಗಿನ ಗರಗಸದ ಬ್ಲೇಡು ಹಾಕಿದೆ, ಹಲ್ಲು ಸವೆದುಹೋಯಿತು. ಮತ್ತೊಂದು ಮೂಲೆ, ಅಲ್ಲೂ ಅದೇ. ಭಾವಮೈದ ನೋಡುತ್ತ ನಿಂತಿದ್ದ.

ಸಾಧಾರಣ ಸಿಮೆಂಟು ಹಾಕಿದ್ದರೆ ಬಿಡಿಸಬಹುದಿತ್ತು. ನನ್ನ ಕೆಲಸ ಗಟ್ಟಿಯೆಂಬ ಹೆಮ್ಮೆಯೇ ಅದರ ಕುತ್ತಿಗೆಗೆ ಬಂದಿತ್ತು.

ಕಾಲೇಜಿನ ಆಫೀಸರನ್ನು ಕಂಡೆ. ಕೆಟ್ಟ ಮನುಷ್ಯನಲ್ಲ, ಕುರ್ಚಿ ತೋರಿಸಿ ಟೀ ತರಿಸಿದ. ಕೀಳುವುದು ಬೇಡ, ಮೇಲೆ ಬೋರ್ಡು ಹೊಡೆದು ಅದಕ್ಕೆ ಸ್ಕ್ರೀನ್ ಹಾಕಿ ಎಂದು ನನಗೆ ಬಂದಷ್ಟು ತಮಿಳಿನಲ್ಲಿ ಬೇಡಿದೆ. ಗೋಡೆಯೊಳಗೆ ವೈರಿಂಗ್ ಪೈಪು ಹೋಗಬೇಕು, ಬಿಲ್ಲೆ ತೆಗೆದ ಮೇಲೆಯೇ ಬೋರ್ಡು, ಡ್ರಾಯಿಂಗ್ ಪಾಸಾಗಿದೆ ಎಂದ. ಆಮೇಲೆ ಮೃದುವಾಗಿ, "ನೀಂಗ ತಾನೇ ಒಟ್ಟಿನೀಂಗ ಮೇಸ್ತ್ರಿ? ನೀಂಗಳೇ ಎಡುತ್ತುಡುಂಗ" ಎಂದ. ನೀವು ತಾನೆ ಅಂಟಿಸಿದ್ದು, ನೀವೇ ತೆಗೆದುಬಿಡಿ. ಇಲ್ಲವಾದರೆ ಗೋಡೆ ಒಡೆಯುವ ಬ್ರೇಕರ್ ಮೆಷಿನ್ನಿನವರು ಮರುದಿನವೇ ಬರುತ್ತಾರಂತೆ.

ಟೀ ಆರಿಹೋಗುವವರೆಗೆ ಯೋಚಿಸಿದೆ. ಆಗಲ್ಲ ಎಂದು ಎದ್ದು ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಗೊತ್ತಿಲ್ಲದವರು ಯಾರೋ ಬಂದು ಅದಕ್ಕೆ ಮೆಷಿನ್ ಇಡುವುದು ನನಗೆ ಬೇಡವಾಗಿತ್ತು. ನಾನಾದರೆ ಒಂದಿಷ್ಟು ಚೂರಾದರೂ ಬಿಡಿಸಿಕೊಂಡೇನು. "ನಾನೇ ಮಾಡ್ತೀನಿ" ಎಂದೆ.

ಭಾವಮೈದನಿಗೆ ನೀನು ಬರಬೇಡ ಅಂದಿದ್ದೆ. ನನಗಿಂತ ಮೊದಲೇ ಬಂದು ನೆಲಕ್ಕೆ ಗೋಣಿ ಹಾಸುತ್ತಿದ್ದ.

ಚಿನ್ನದ ಬಣ್ಣದ ಕಡೆಯಿಂದ ಶುರು ಮಾಡಿದೆವು. ಸುತ್ತಿಗೆ, ಉಳಿ, ಕಡೆಗೆ ಮೆಷಿನ್ನೂ ಬೇಕಾಯಿತು. ಬಿಲ್ಲೆಯೂ ಗಾರೆಯೂ ಗೋಡೆಯ ಪ್ಲಾಸ್ಟರೂ ಒಂದಾಗಿ ಹೆಪ್ಪುಹೆಪ್ಪಾಗಿ ಬಿದ್ದವು. ಇಡಿಯಾಗಿ ಸಿಕ್ಕಿದ್ದು ಒಂದು ಪರದೆಯ ಗಂಟು, ಅಂಗೈಯಗಲ. ಅದನ್ನು ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟೆ. ಮಿಕ್ಕದ್ದೆಲ್ಲ ಗೋಣಿಗೆ. ಪರದೆ ಹೋದವು, ಕಮಾನು ಹೋದವು, ಕಂಬಗಳು ಹೋದವು.

ಕೈ ಬರಲಿಲ್ಲ.

ಅದು ಪ್ಲಾಸ್ಟರಿನ ಮೇಲಿರಲಿಲ್ಲವಲ್ಲ. ಇಟ್ಟಿಗೆಗೇ ಎಪಾಕ್ಸಿಯಲ್ಲಿ ಕೂತಿತ್ತು. ಸುತ್ತ ಎಲ್ಲ ಬೋಳಾದ ಮೇಲೆ, ಇಟ್ಟಿಗೆ ಗೋಡೆಯಿಂದ ಎರಡು ಕೈ ಈಚೆಗೆ ಚಾಚಿಕೊಂಡಿದ್ದವು. ಉಳಿ ಇಟ್ಟು ಹೊಡೆದೆ, ಜಾರಿತು. ಇನ್ನೊಂದು ಉಳಿ ತಂದೆ, ಅದರ ಬಾಯಿ ಮುರಿಯಿತು. ಮೆಷಿನ್ ಇಟ್ಟರೆ ಇಟ್ಟಿಗೆಯೇ ಒಡೆದು ಗೋಡೆ ತೂತು ಬೀಳುವ ಹಾಗಿತ್ತು. ಒಂದು ಕಿರುಬೆರಳಿನ ತುದಿ ಮಾತ್ರ ಎಗರಿಹೋಯಿತು. ಬೆವರು ಕಣ್ಣಿಗಿಳಿಯಿತು, ಕುಳಿತುಬಿಟ್ಟೆ.

"ನಾನು ಅವತ್ತೇ ಬಡ್ಕೊಂಡೆ" ಎಂದ ಭಾವಮೈದ. ಧ್ವನಿಯಲ್ಲಿ ಕೊಂಕಿರಲಿಲ್ಲ. "ಈಗ್ ನೋಡು, ನಿಜವಾದ್ ಭಿನ್ನ ಆಯ್ತು. ಇನ್ನ ಬುಡು ಭಾವ, ಸಾಕು."

ಆಫೀಸರ್ ಬಂದ. ಬೆರಳ ಗೆಣ್ಣಿನಿಂದ ಕೈಯನ್ನು ತಟ್ಟಿ ನೋಡಿದ. "ಪರವಾಯಿಲ್ಲೈ, ಬೋರ್ಡು ಮರೈಚ್ಚಿಡುಂ" ಎಂದ. ಬೋರ್ಡು ಮರೆಮಾಡುತ್ತದೆ. ಪೈಪು ಹೋಗಬೇಕಾದ ಜಾಗಕ್ಕೆ ಅವು ಅಡ್ಡವಿರಲಿಲ್ಲ.

ಮಧ್ಯಾಹ್ನ ಮೇಡಂ ಫೋನ್ ಮಾಡಿದರು. ನೋಡಲು ಬರುವ ಧೈರ್ಯ ತಮಗಿಲ್ಲ ಅಂದಿದ್ದರು.

"ಏನಾದ್ರೂ ಉಳೀತಾ?"

"ಒಂದು ಪರದೆ ಗಂಟು ಸಿಕ್ಕಿದೆ, ತಂದುಕೊಡ್ತೀನಿ. ಗೋಡೆ ಮೇಲೆ ಕೈ ಇವೆ. ಎರಡೂ."

"ಬೇಕಂತ ಬಿಟ್ರಾ?" ಎಂದರು ಮೇಡಂ. ಆ ಧ್ವನಿಯಲ್ಲಿ ಹೌದೆಂದು ಕೇಳುವ ಆಸೆಯಿತ್ತು.

ಹೌದು ಎನ್ನಲು ನನಗೂ ಆಸೆಯಾಯಿತು. "ಇಲ್ಲ ಮೇಡಂ. ಉಳಿ ಮುರಿಯೋವರೆಗೂ ಹೊಡೆದೆ. ಬರಲಿಲ್ಲ."

"ಸರಿ" ಎಂದು ಫೋನ್ ಇಟ್ಟರು.

ಇಟಲಿಯ ಆ ಮೇಸ್ತ್ರಿಯೂ ಹೀಗೇ ಬೆವರು ಒರೆಸಿಕೊಂಡು ಕೆಳಗೆ ಕುಳಿತಿದ್ದನೋ ಏನೋ. ಅವನನ್ನು ಯಾರೂ ಕೇಳಿರಲಾರರು.

ಬೋರ್ಡು ಹೊಡೆಯುವ ಬಡಗಿ ಸಂಜೆಗೆ ಮುಂಚೆಯೇ ಬಂದ. ಉದ್ದನೆಯ ಹಲಗೆಗಳನ್ನು ಗೋಡೆಗೆ ಆನಿಸಿ, ಡ್ರಿಲ್ ಹಿಡಿದು, "ಎಂಗಣ್ಣೇ ಸ್ಕ್ರೂ ಪೋಡಲಾಂ?" ಎಂದು ನನ್ನನ್ನೇ ಕೇಳಿದ. ಸ್ಕ್ರೂ ಎಲ್ಲೆಲ್ಲಿ ಹಾಕಬಹುದೆಂದು ಗೋಡೆಯನ್ನು ಬಲ್ಲವನು ನಾನೊಬ್ಬನೇ ತಾನೆ. ಪೆನ್ಸಿಲ್ ತೆಗೆದುಕೊಂಡು ಇಟ್ಟಿಗೆಯ ಮೇಲೆ ಒಂದೊಂದೇ ಗುರುತು ಹಾಕಿಕೊಟ್ಟೆ. ಕೈಗಳ ಸುತ್ತ ಮಾತ್ರ ಒಂದು ಗೇಣು ಬಿಟ್ಟು ಗೆರೆ ಎಳೆದೆ.

"ಇಂಗೆ ವೇಂಡಾಂ ತಂಬಿ" ಎಂದೆ. "ಬಿಟ್ ಒಡಂಜಿಡುಂ."

ಇಲ್ಲಿ ಬೇಡ, ಡ್ರಿಲ್ಲಿನ ಮೊನೆ ಮುರಿದುಹೋಗುತ್ತದೆ. ಅದೇನೂ ಸುಳ್ಳಲ್ಲ.